ಸೋರಿದ ಔಷಧ, ಹರಡುವ ಕಿಣ್ವ: ಒಂದು ಪ್ರಕರಣ ಅಧ್ಯಯನ

ಇದು ಕರ್ನಾಟಕದ ಒಂದು ಬೋಧನಾ ಆಸ್ಪತ್ರೆಯ ಕ್ಯಾನ್ಸರ್ ಡೇ ಕೇರ್ ವಿಭಾಗದಲ್ಲಿ ನಡೆದ ಘಟನೆ: ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಮಗುವಿನ ರಕ್ತನಾಳದಿಂದ ಹೊರಗೆ ಸೋರಿತು, ಅದರ ಹಾನಿ ತಗ್ಗಿಸಲು ಹಯಾಲುರಾನಿಡೇಸ್ ಎಂಬ ಕಿಣ್ವವನ್ನು ಬಳಸಿದೆವು. ಆಗ ನಾನು ಅಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿದ್ದೆ. ರೋಗಿಯ ಮತ್ತು ಸಿಬ್ಬಂದಿಯ ಗುರುತು ಸಿಗಬಾರದೆಂದು ವಯಸ್ಸು, ಊರು, ಗಡಿಯಾರದ ಸಮಯಗಳನ್ನು ತುಸು ಬದಲಿಸಿದ್ದೇನೆ. ಔಷಧ, ಅದರ ಪ್ರಮಾಣ ಮತ್ತು ನಾವು ತೀರ್ಮಾನಗಳನ್ನು ಕೈಗೊಂಡ ಕ್ರಮ ಇದ್ದ ಹಾಗೆಯೇ ಇವೆ. ತಪ್ಪು ಯಾರದೆಂದು ತೋರಿಸುವುದು ಈ ಬರಹದ ಉದ್ದೇಶವಲ್ಲ. ಒಂದು ಗಂಟೆಯ ಅವಧಿಯಲ್ಲಿ ನಾವು ಐದಾರು ಸಲ ಕವಲುದಾರಿಯಲ್ಲಿ ನಿಂತೆವು, ಪ್ರತಿ ಸಲವೂ ಎರಡೂ ದಾರಿಗಳಿಗೆ ತಕ್ಕ ಕಾರಣಗಳಿದ್ದವು. ಆ ಕಾರಣಗಳನ್ನು ದಾಖಲಿಸಿಡಬೇಕು ಅನ್ನಿಸಿತು.

ಹಿನ್ನೆಲೆ

ರೋಗಿ ಸುಮಾರು ಏಳು ವರ್ಷದ ಹೆಣ್ಣುಮಗು. ರೋಗ ಅಕ್ಯೂಟ್ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್. ಚಿಕಿತ್ಸೆಯ ಮೊದಲ ಹಂತದಲ್ಲಿ ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಕೊಡುತ್ತಾರೆ, ಜೊತೆಗೆ ದಿನವೂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಇರುತ್ತದೆ. ನಮ್ಮ ಮನೆಯಂಗಳಗಳಲ್ಲಿ ಬೆಳೆಯುವ ಕಾಶಿ ಕಣಗಿಲೆ, ಅಂದರೆ ನಿತ್ಯಪುಷ್ಪದ ಗಿಡದಿಂದ ಸಿಗುವ ಈ ಔಷಧ ರಕ್ತನಾಳದೊಳಗೆ ಇರುವವರೆಗೆ ಮಗುವಿನ ಪ್ರಾಣ ಉಳಿಸುತ್ತದೆ, ಹೊರಗೆ ಸೋರಿದರೆ ಚರ್ಮವನ್ನೂ ಅದರ ಕೆಳಗಿನ ಮಾಂಸವನ್ನೂ ಕೊಳೆಸುವ ಶಕ್ತಿ ಅದಕ್ಕಿದೆ. ಬೆನ್ನುಹುರಿಯ ದ್ರವಕ್ಕೆ ಅಪ್ಪಿತಪ್ಪಿ ಹೋದರಂತೂ ಮಾರಕ. ಆ ಕಾರಣಕ್ಕೇ ಇದನ್ನು ಸಿರಿಂಜಿನಲ್ಲಿ ಇಡದೆ ಸಣ್ಣ ಸಲೈನ್ ಚೀಲದಲ್ಲಿ ಬೆರೆಸಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಸಿತ್ತು. ನಾವೂ ಹಾಗೆಯೇ ಮಾಡುತ್ತಿದ್ದೆವು. ಆ ದಿನ ಮಗುವಿನ ದೇಹದ ಮೇಲ್ಮೈ ಅಳತೆಗೆ ತಕ್ಕಂತೆ 1.2 ಮಿಲಿಗ್ರಾಂ ವಿನ್‌ಕ್ರಿಸ್ಟಿನ್ ಅನ್ನು 50 ಮಿಲಿಲೀಟರ್ ಸಲೈನಿನಲ್ಲಿ ಬೆರೆಸಲಾಗಿತ್ತು.

ಎರಡು ವಾರಗಳ ಚುಚ್ಚುವಿಕೆಯಿಂದ ಮಗುವಿನ ಎರಡೂ ಕೈಗಳ ರಕ್ತನಾಳಗಳು ಸೊರಗಿದ್ದವು. ಎದೆಯ ಬಳಿಯ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವ ಯೋಚನೆ ಇತ್ತಾದರೂ ಪ್ಲೇಟ್‌ಲೆಟ್ 38,000ಕ್ಕೆ ಇಳಿದಿದ್ದರಿಂದ ಅದನ್ನು ಮುಂದಕ್ಕೆ ಹಾಕಿದ್ದರು. ಹಿಂದಿನ ರಾತ್ರಿ ಜ್ವರಕ್ಕಾಗಿ ವಾರ್ಡಿನಲ್ಲಿ ಆಂಟಿಬಯಾಟಿಕ್ ಕೊಡಲು ಎಡಗೈಯ ಹಿಂಬದಿಯ ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕಿದ್ದರು. ಅದು ಚೆನ್ನಾಗಿಯೇ ಓಡುತ್ತಿತ್ತು. ಮಗುವನ್ನು ಇನ್ನೊಮ್ಮೆ ಚುಚ್ಚಿ ಅಳಿಸುವುದೇಕೆ ಎಂದು ಅದೇ ಕ್ಯಾನುಲಾಕ್ಕೆ ಔಷಧದ ಚೀಲ ಜೋಡಿಸಿದರು.

ಮೊದಲ ತಿರುವು ಇದೇ ಎಂದು ಈಗ ಅನ್ನಿಸುತ್ತದೆ. ಆಗ ಯಾರಿಗೂ ಇದೊಂದು ತೀರ್ಮಾನ ಎಂದೇ ತೋರಿರಲಿಲ್ಲ. ಕರುಣೆಯಿಂದ ಮಾಡಿದ ಕೆಲಸ ಅದು. ಹಲವು ಗಂಟೆ ಒಳಗಿದ್ದ ಕ್ಯಾನುಲಾದ ಸುತ್ತ ರಕ್ತನಾಳದ ಗೋಡೆ ಬಾತು ದುರ್ಬಲವಾಗಿರುತ್ತದೆ. ಸಾದಾ ಸಲೈನನ್ನು ತಡೆದುಕೊಂಡ ರಕ್ತನಾಳ ಹತ್ತು ನಿಮಿಷದ ವಿನ್‌ಕ್ರಿಸ್ಟಿನನ್ನೂ ತಡೆದುಕೊಳ್ಳುತ್ತದೆ ಎಂಬ ಭರವಸೆ ಇಲ್ಲ.

ಆ ಸಂಜೆ

ಸಂಜೆ 4:40ರ ಹೊತ್ತಿಗೆ ಮಗು ಕೈ ಉರಿಯುತ್ತಿದೆ ಎಂದು ಅತ್ತಿತು. ತಾಯಿ ಕೂಗಿ ಕರೆದ ಕೂಡಲೇ ಬಂದ ಸಿಸ್ಟರ್ ಡ್ರಿಪ್ ನಿಲ್ಲಿಸಿದರು. ಚೀಲದಿಂದ ಸುಮಾರು 20 ಮಿಲಿಲೀಟರ್ ಹೋಗಿತ್ತು. ಕೈಯ ಹಿಂಬದಿ ನಾಲ್ಕು ಸೆಂಟಿಮೀಟರ್ ಅಗಲಕ್ಕೆ ಉಬ್ಬಿ, ಬಿಳಚಿಕೊಂಡು, ಅಂಚಿನಲ್ಲಿ ಕೆಂಪಾಗಿತ್ತು. ಹೋದದ್ದೆಲ್ಲವೂ ಹೊರಗೇ ಸೋರಿದೆ ಎಂದು ಲೆಕ್ಕ ಹಾಕಿದರೂ ಚರ್ಮದಡಿ ಇದ್ದದ್ದು ಹೆಚ್ಚೆಂದರೆ ಅರ್ಧ ಮಿಲಿಗ್ರಾಂ.

ಸಿಸ್ಟರ್ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಗಾಬರಿಯಲ್ಲಿ ಕ್ಯಾನುಲಾವನ್ನು ಕಿತ್ತುಬಿಡುವುದು ಎಲ್ಲರ ಅಭ್ಯಾಸ. ಅವರು ಕೀಳಲಿಲ್ಲ, ಸಲೈನ್ ಹಾಕಿ ತೊಳೆಯಲೂ ಇಲ್ಲ. ಡ್ಯೂಟಿ ಡಾಕ್ಟರು ಬಂದು ಅದೇ ಕ್ಯಾನುಲಾದಿಂದ ಸಾಧ್ಯವಾದಷ್ಟನ್ನು ಹಿಂದಕ್ಕೆ ಎಳೆದರು. ರಕ್ತ ಬೆರೆತ ಅರ್ಧ ಮಿಲಿಲೀಟರ್ ಬಂತು. ಆಮೇಲೆ ಕ್ಯಾನುಲಾ ತೆಗೆದರು.

ಆದರೆ ಅದಾದ ಮೇಲೆ ಬಾವಿನ ಮೇಲೆ ಐಸ್ ಪ್ಯಾಕ್ ಇಟ್ಟರು. ಡೇ ಕೇರ್‌ನ ಗೋಡೆಯ ಮೇಲಿದ್ದ ಸೂಚನಾ ಫಲಕ ‘ಔಷಧ ಸೋರಿದರೆ ತಂಪು ಇಡಿ’ ಎಂದೇ ಹೇಳುತ್ತಿತ್ತು. ಆ ಫಲಕವನ್ನು ಬಹಳ ಹಿಂದೆ ಯಾರೋ ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಸಿದ್ದರು, ಮತ್ತು ಡಾಕ್ಸೊರುಬಿಸಿನ್‌ಗೆ ಅದು ಸರಿ. ನನಗೆ ಕರೆ ಬಂದು ನಾನು ಮೆಟ್ಟಿಲಿಳಿದು ತಲುಪುವಷ್ಟರಲ್ಲಿ ಐಸ್ ಇಟ್ಟು ಹತ್ತು ಹನ್ನೆರಡು ನಿಮಿಷ ಕಳೆದಿತ್ತು.

ತಂಪೋ ಶಾಖವೋ

ವಿನ್‌ಕ್ರಿಸ್ಟಿನ್‌ಗೆ ಐಸ್ ತಪ್ಪು ಎಂದು ನಾನು ಹೇಳಿದಾಗ ಡ್ಯೂಟಿ ಡಾಕ್ಟರು ನಂಬಲು ಹಿಂಜರಿದರು. ಅವರ ಹಿಂಜರಿಕೆ ಸಹಜವಾದದ್ದು, ಯಾಕೆಂದರೆ ಬಾವಿಗೆ ತಂಪು ಎನ್ನುವುದು ಎಲ್ಲರೂ ಕಲಿತ ಪಾಠ. ನಾನು ಕೊಟ್ಟ ವಿವರಣೆ ಇಷ್ಟು. ಡಾಕ್ಸೊರುಬಿಸಿನ್ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆ ಕೋಶ ಸತ್ತಾಗ ಬಿಡುಗಡೆಯಾಗಿ ಪಕ್ಕದ ಕೋಶಕ್ಕೆ ಹೋಗುತ್ತದೆ, ಹೀಗೆ ವಾರಗಟ್ಟಲೆ ಸುಡುತ್ತಲೇ ಇರುತ್ತದೆ. ಅದನ್ನು ಇದ್ದಲ್ಲೇ ಕಟ್ಟಿಹಾಕಬೇಕು, ಅದಕ್ಕೆ ತಂಪು. ವಿನ್‌ಕ್ರಿಸ್ಟಿನ್ ಡಿಎನ್‌ಎಗೆ ಅಂಟುವುದಿಲ್ಲ. ಅದು ಒಂದೆಡೆ ದಟ್ಟವಾಗಿ ನಿಂತರೆ ಕೇಡು, ತೆಳ್ಳಗೆ ಹರಡಿ ರಕ್ತಕ್ಕೆ ಸೇರಿಬಿಟ್ಟರೆ ಅಪಾಯ ಕಡಿಮೆ. 1985ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗದಲ್ಲಿ ಈ ಗುಂಪಿನ ಔಷಧಗಳು ಸೋರಿದಾಗ ತಂಪು ಇಟ್ಟರೆ ಹುಣ್ಣು ಹೆಚ್ಚಾಯಿತು, ಶಾಖ ಮತ್ತು ಹಯಾಲುರಾನಿಡೇಸ್ ಎರಡೂ ಹುಣ್ಣನ್ನು ತಗ್ಗಿಸಿದವು. ಐಸ್ ತೆಗೆದೆವು. ಬಿಸಿನೀರಿನ ಚೀಲಕ್ಕೆ ಒಣ ಬಟ್ಟೆ ಸುತ್ತಿ, ಮೊದಲು ತಾಯಿಯ ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಮಗುವಿನ ಕೈಗೆ ಶಾಖ ಕೊಡಲಾರಂಭಿಸಿದರು. ಒದ್ದೆ ಬಟ್ಟೆಯ ಶಾಖ ಬೇಡವೆಂದದ್ದು, ಅದು ಈಗಾಗಲೇ ಸೋತ ಚರ್ಮವನ್ನು ಮತ್ತಷ್ಟು ಮೆತ್ತಗಾಗಿಸುತ್ತದೆ ಎಂಬ ಕಾರಣಕ್ಕೆ.

ಇನ್ನು ಹಯಾಲುರಾನಿಡೇಸ್. ನಮ್ಮ ಚರ್ಮದಡಿಯ ಅಂಗಾಂಶದಲ್ಲಿ ಕೋಶಗಳ ನಡುವಿನ ಜಾಗವನ್ನು ಹಯಾಲುರಾನಿಕ್ ಆಮ್ಲ ಎಂಬ ಲೋಳೆಯಂಥ ವಸ್ತು ತುಂಬಿರುತ್ತದೆ. ಅದು ನೀರನ್ನು ಹಿಡಿದಿಡುತ್ತದೆ, ಹೊರಗಿನಿಂದ ಬಂದ ದ್ರವ ಸುಲಭವಾಗಿ ಮುಂದೆ ಹೋಗದಂತೆ ತಡೆಯುತ್ತದೆ. ಈ ಕಿಣ್ವ ಆ ಲೋಳೆಯ ಉದ್ದನೆಯ ಸರಪಣಿಗಳನ್ನು ತುಂಡರಿಸುತ್ತದೆ. ತಡೆ ಸಡಿಲವಾಗುತ್ತದೆ, ದ್ರವ ಅಗಲವಾಗಿ ಹರಡಿ ಹೆಚ್ಚು ಸೂಕ್ಷ್ಮನಾಳಗಳ ಸಂಪರ್ಕಕ್ಕೆ ಬಂದು ಬೇಗ ಹೀರಲ್ಪಡುತ್ತದೆ. ಹಾನಿ ಶಾಶ್ವತವಲ್ಲ. 70 ಕಿಲೋ ತೂಕದ ವಯಸ್ಕರ ದೇಹದಲ್ಲಿ ಈ ಆಮ್ಲ ಸುಮಾರು 15 ಗ್ರಾಂ ಇರುತ್ತದೆ, ಅದರಲ್ಲಿ ಮೂರನೇ ಒಂದು ಭಾಗ ದಿನವೂ ಕರಗಿ ಹೊಸದಾಗಿ ಹುಟ್ಟುತ್ತಿರುತ್ತದೆ. ಹೀಗಾಗಿ ಕಿಣ್ವ ತೆರೆದ ದಾರಿ ಒಂದೆರಡು ದಿನಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.

1928ರಲ್ಲಿ ಫ್ರಾನ್ಸಿಸ್ಕೊ ಡುರಾನ್-ರೆನಾಲ್ಸ್ ಇದನ್ನು ಮೊದಲು ಗುರುತಿಸಿದ್ದು ಔಷಧ ಹುಡುಕುತ್ತಾ ಅಲ್ಲ. ಪ್ರಾಣಿಯ ವೃಷಣದ ಸಾರವನ್ನು ಬೆರೆಸಿ ವೈರಸ್ ಚುಚ್ಚಿದಾಗ ಸೋಂಕಿನ ಗಾಯ ಹೆಚ್ಚು ದೊಡ್ಡದಾಗುತ್ತದೆ ಎಂಬುದನ್ನು ಅವರು ಕಂಡರು, ಆ ಸಾರದಲ್ಲಿದ್ದದ್ದಕ್ಕೆ ‘ಹರಡಿಸುವ ಅಂಶ’ ಎಂದು ಕರೆದರು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನ ದ್ರವದಿಂದ ಹಯಾಲುರಾನಿಕ್ ಆಮ್ಲವನ್ನು ಬೇರ್ಪಡಿಸಿದರು. ಆ ಹರಡಿಸುವ ಅಂಶ ಅದನ್ನೇ ಒಡೆಯುವ ಕಿಣ್ವ ಎಂಬುದು 1940ರ ಹೊತ್ತಿಗೆ ಸ್ಪಷ್ಟವಾಯಿತು. ಈ ಕಿಣ್ವದ ಚರಿತ್ರೆ ಶುರುವಾದದ್ದೇ ಕೆಟ್ಟದ್ದನ್ನು ಹರಡಿಸಿದ ಪ್ರಯೋಗದಿಂದ ಎನ್ನುವುದನ್ನು ನಾನು ಆಗಾಗ ನೆನೆಯುತ್ತೇನೆ. ಏನನ್ನು ಹರಡಬೇಕು, ಏನನ್ನು ಹರಡಬಾರದು ಎಂಬುದು ಕಿಣ್ವಕ್ಕೆ ತಿಳಿಯದು.

ಸೀಸೆ ಎಲ್ಲಿದೆ?

ಡೇ ಕೇರ್‌ನ ತುರ್ತು ಪೆಟ್ಟಿಗೆಯಲ್ಲಿ ಹಯಾಲುರಾನಿಡೇಸ್ ಇರಲಿಲ್ಲ. ಕ್ಯಾನ್ಸರ್ ಔಷಧಾಲಯದಲ್ಲೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದಾಗ ಆಸ್ಪತ್ರೆಯಲ್ಲಿ ಅದನ್ನು ತರಿಸುತ್ತಿದ್ದ ವಿಭಾಗಗಳು ಎರಡೇ ಎಂದು ಗೊತ್ತಾಯಿತು. ಒಂದು ಕಣ್ಣಿನ ಆಪರೇಷನ್ ಥಿಯೇಟರ್: ಪೊರೆ ತೆಗೆಯುವ ಮುನ್ನ ಕಣ್ಣಿನ ಸುತ್ತ ಕೊಡುವ ಮರಗಟ್ಟಿಸುವ ಚುಚ್ಚುಮದ್ದು ಬೇಗ ಮತ್ತು ಸಮವಾಗಿ ಹರಡಲಿ ಎಂದು ಅವರು ಇದನ್ನು ಲಿಗ್ನೊಕೇನ್ ಜೊತೆ ಬೆರೆಸುತ್ತಾರೆ. ಇನ್ನೊಂದು ದಂತ ವಿಭಾಗ: ಗುಟ್ಕಾ, ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯಲಾಗದೆ ಬರುವ ಹುಡುಗರಿಗೆ ಅಲ್ಲಿ ಸ್ಟೀರಾಯ್ಡ್ ಜೊತೆ ಇದನ್ನು ಕೆನ್ನೆಯೊಳಗೆ ಚುಚ್ಚುತ್ತಾರೆ. ಅಡಿಕೆ ಸೀಮೆಯ ಆಸ್ಪತ್ರೆಗಳಲ್ಲಿ ದಂತವೈದ್ಯರಿಗೆ ಈ ಸೀಸೆ ಎಷ್ಟು ಪರಿಚಿತವೋ ಕ್ಯಾನ್ಸರ್ ವಿಭಾಗದವರಿಗೆ ಅಷ್ಟೇ ಅಪರಿಚಿತ. ಒಂದೇ ಕಟ್ಟಡ, ಎರಡು ಮಹಡಿ ಅಂತರ. ಆದರೂ ಆ ಸಂಜೆಯವರೆಗೆ ಈ ಔಷಧ ನಮ್ಮದೂ ಹೌದು ಎಂದು ನಮಗೆ ಹೊಳೆದಿರಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ದಂತ ವಿಭಾಗ ನಾಲ್ಕಕ್ಕೇ ಮುಚ್ಚಿತ್ತು. ಕಣ್ಣಿನ ಥಿಯೇಟರಿನ ಸಹಾಯಕರು ಹೊರಡುವ ಸಿದ್ಧತೆಯಲ್ಲಿದ್ದರು. ಅವರು ಒಳ್ಳೆಯ ಮನಸ್ಸಿನಿಂದಲೇ, ಬೆಳಿಗ್ಗೆ ಕಿಣ್ವ ಬೆರೆಸಿಟ್ಟಿದ್ದ ಲಿಗ್ನೊಕೇನ್ ಬಾಟಲಿಯನ್ನು ಕೈಗೆ ಕೊಟ್ಟು, ‘ಇದರಲ್ಲೇ ಇದೆ ಸಾರ್, ನೋವೂ ಆಗಲ್ಲ’ ಎಂದರು. ಡ್ಯೂಟಿ ಡಾಕ್ಟರಿಗೂ ಅದು ಸರಿ ಎನಿಸಿತು, ಸಮಯ ಉಳಿಯುತ್ತಿತ್ತು. ಬಾಟಲಿಯ ಮೇಲಿನ ಚೀಟಿ ನೋಡಿದರೆ ಆ ಲಿಗ್ನೊಕೇನ್‌ನಲ್ಲಿ ಅಡ್ರಿನಲಿನ್ ಇತ್ತು. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಒಂದು ಕೈಯಲ್ಲಿ ದಾರಿ ತೆರೆದು ಇನ್ನೊಂದು ಕೈಯಲ್ಲಿ ಬಾಗಿಲು ಮುಚ್ಚಿದಂತೆ. ಅದರ ಮೇಲೆ ಬೆಳಿಗ್ಗೆಯಿಂದ ಹಲವು ಸಲ ಸೂಜಿ ಹೊಕ್ಕ ಬಾಟಲಿಯನ್ನು, ಬಿಳಿ ರಕ್ತಕಣ ಇಳಿದಿರುವ ಮಗುವಿಗೆ ಬಳಸುವಂತಿರಲಿಲ್ಲ. ಒಡೆಯದ ಪುಡಿಯ ಸೀಸೆಯೇ ಬೇಕೆಂದು ಪಟ್ಟು ಹಿಡಿದೆ. ಬೀಗದ ಕೈ ಬರಲು ಏಳೆಂಟು ನಿಮಿಷ ಹಿಡಿಯಿತು.

ಜೇನಿನ ಪ್ರಶ್ನೆ

ಸೀಸೆ ಬರುವಷ್ಟರಲ್ಲಿ ತಾಯಿಯನ್ನು ಅಲರ್ಜಿಯ ಬಗ್ಗೆ ಕೇಳಿದೆ. ಒಗ್ಗದ ಔಷಧ ಯಾವುದೂ ಇಲ್ಲ ಎಂದರು. ಜೇನು ಕಚ್ಚಿದ್ದುಂಟೇ ಎಂದು ಕೇಳಿದಾಗ ಅವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಮಗುವಿನ ತಂದೆ ಮಲೆನಾಡಿನವರು, ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದರು. ಹಿಂದಿನ ವರ್ಷ ಎರಡು ನೊಣ ಕಚ್ಚಿ ಮಗುವಿನ ಮುಖ ಊದಿಕೊಂಡಿತ್ತು.

ಜೇನುನೊಣದ ವಿಷದಲ್ಲಿಯೂ ಹಯಾಲುರಾನಿಡೇಸ್ ಇರುತ್ತದೆ. ವಿಷ ಚರ್ಮದಡಿ ಹರಡಲು ನೊಣಕ್ಕೂ ಅದು ಬೇಕು. ಆ ವಿಷಕ್ಕೆ ಅಲರ್ಜಿ ಇರುವವರಲ್ಲಿ ಹಲವರ ದೇಹ ಗುರುತಿಸುವುದು ಈ ಕಿಣ್ವವನ್ನೇ. ನಮ್ಮಲ್ಲಿದ್ದ ಔಷಧ ಪ್ರಾಣಿಮೂಲದ್ದು. ಉಸಿರಾಟದ ತೊಂದರೆ, ಮೈಯೆಲ್ಲ ದದ್ದು, ತಲೆಸುತ್ತು ಬಂದಿತ್ತೇ ಎಂದು ಬಿಡಿಸಿ ಕೇಳಿದೆವು. ಬಂದಿರಲಿಲ್ಲ, ಕಚ್ಚಿದ ಜಾಗದ ಸುತ್ತಷ್ಟೇ ಊತ, ಎರಡು ದಿನಕ್ಕೆ ಇಳಿದಿತ್ತು. ಇಲ್ಲಿ ಎರಡು ಅಭಿಪ್ರಾಯ ಬಂದವು. ಸೋರಿ ಅರ್ಧ ಗಂಟೆ ಆಗಿದೆ, ಮೊದಲ ಒಂದು ಗಂಟೆ ಅಮೂಲ್ಯ, ಪರೀಕ್ಷೆ ಬಿಟ್ಟು ಚುಚ್ಚೋಣ ಎಂದರು ಡ್ಯೂಟಿ ಡಾಕ್ಟರು. ಫೋನಿನಲ್ಲಿದ್ದ ಹಿರಿಯ ವೈದ್ಯರು ಚರ್ಮಪರೀಕ್ಷೆ ಮಾಡಿಯೇ ಮುಂದುವರಿಯಿರಿ, ಅಲ್ಲಿಯವರೆಗೆ ಶಾಖ ನಿಲ್ಲಿಸಬೇಡಿ ಎಂದರು. ಮಗುವಿಗೆ ಎಲ್ಲೆಡೆ ಊತ ಬಂದು ಉಸಿರು ಕಟ್ಟಿದರೆ ಕೈಯ ಹುಣ್ಣಿನ ಮಾತು ಗೌಣವಾಗಿಬಿಡುತ್ತದೆ ಎಂಬುದು ಅವರ ವಾದ. ನನ್ನ ಒಲವೂ ಅದೇ ಕಡೆಗಿತ್ತು. ಬಲಮುಂಗೈಯ ಚರ್ಮದೊಳಗೆ 0.02 ಮಿಲಿಲೀಟರ್, ಅಂದರೆ ಕೇವಲ 3 ಯೂನಿಟ್ ಚುಚ್ಚಿ ಕಾದೆವು. ಐದು ನಿಮಿಷದೊಳಗೆ ಅಂಚು ಚಾಚಿಕೊಂಡ ದದ್ದು ಎದ್ದು, ತುರಿಕೆಯೊಂದಿಗೆ ಇಪ್ಪತ್ತು ಮೂವತ್ತು ನಿಮಿಷ ನಿಂತರೆ ಅಲರ್ಜಿ ಎಂದು ಅರ್ಥ. ಸ್ವಲ್ಪ ಕೆಂಪಾಯಿತು, ದದ್ದು ಏಳಲಿಲ್ಲ. ಆದರೂ ಅಲರ್ಜಿ ಉಲ್ಬಣಿಸಿದರೆ ಬೇಕಾದೀತೆಂದು ಅಡ್ರಿನಲಿನ್ ಮತ್ತು ಆಮ್ಲಜನಕವನ್ನು ಹಾಸಿಗೆಯ ಪಕ್ಕ ಇರಿಸಿಯೇ ಮುಂದುವರಿದೆವು.

ಈ ನಡುವೆ ಇನ್ನೊಂದು ಸಂಶಯವನ್ನೂ ಬಗೆಹರಿಸಬೇಕಿತ್ತು. ಕ್ಯಾನುಲಾ ಇದ್ದ ಜಾಗದ ಕೆಂಪು, ಸೋರಿಕೆಯದ್ದೋ, ಹಿಂದಿನ ರಾತ್ರಿಯಿಂದ ಶುರುವಾಗಿದ್ದ ಸೋಂಕಿನದ್ದೋ? ಸೋಂಕಿರುವ ಜಾಗಕ್ಕೆ ಈ ಕಿಣ್ವ ಚುಚ್ಚಿದರೆ ಸೋಂಕೂ ಹರಡುತ್ತದೆ. ಕೀವು ಇರಲಿಲ್ಲ, ರಕ್ತನಾಳದ ಉದ್ದಕ್ಕೆ ಕೆಂಪು ಗೆರೆ ಇರಲಿಲ್ಲ, ಔಷಧ ಶುರುಮಾಡುವ ಮುನ್ನ ಜಾಗ ಸ್ವಚ್ಛವಾಗಿತ್ತೆಂದು ಸಿಸ್ಟರ್ ಬರೆದಿಟ್ಟಿದ್ದರು. ಆ ಒಂದು ಸಾಲಿನ ಟಿಪ್ಪಣಿಯೇ ನಮ್ಮನ್ನು ಮುಂದೆ ನಡೆಸಿತು.

ಕೊಟ್ಟ ಬಗೆ

ಸೀಸೆಯಲ್ಲಿದ್ದದ್ದು 1500 ಯೂನಿಟ್ ಪುಡಿ. 10 ಮಿಲಿಲೀಟರ್ ಸಲೈನಿನಲ್ಲಿ ಕರಗಿಸಿದರೆ ಮಿಲಿಲೀಟರಿಗೆ 150 ಯೂನಿಟ್ ಆಗುತ್ತದೆ. ಅದರಿಂದ 1 ಮಿಲಿಲೀಟರ್ ತೆಗೆದು, ಬಾವಿನ ಅಂಚಿನ ಸುತ್ತ ಐದು ಕಡೆ 0.2 ಮಿಲಿಲೀಟರಿನಂತೆ, ಪ್ರತಿ ಚುಚ್ಚಿಗೂ ಹೊಸ ಸಣ್ಣ ಸೂಜಿ ಬಳಸಿ, ಹೊರಗಿನಿಂದ ಒಳಮುಖವಾಗಿ ಚರ್ಮದಡಿ ಕೊಟ್ಟರು. ಪ್ಲೇಟ್‌ಲೆಟ್ ಕಡಿಮೆ ಇದ್ದದ್ದರಿಂದ ಪ್ರತಿ ಜಾಗವನ್ನೂ ಹಗುರವಾಗಿ ಒತ್ತಿ ಹಿಡಿಯಬೇಕಾಯಿತು. ಜೋರಾಗಿ ಒತ್ತಿದರೆ ಸೋರಿದ್ದು ಒಂದೇ ಕಡೆಗೆ ತಳ್ಳಲ್ಪಡುತ್ತದೆ. ಗಡಿಯಾರದಲ್ಲಿ 5:40, ಸೋರಿ ಸರಿಯಾಗಿ ಒಂದು ಗಂಟೆ. ಮಗು ಪ್ರೆಡ್ನಿಸೊಲೋನ್ ಮೇಲಿತ್ತು, ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಇರುವಾಗ ಅಂಗಾಂಶ ಈ ಕಿಣ್ವಕ್ಕೆ ಪೂರ್ತಿ ಬಗ್ಗದೆ ಹೋಗಬಹುದು. ಹಾಗಾಗಿ ಇನ್ನೊಂದು ಸುತ್ತಿಗೆ ಬೇಕಾದೀತೆಂದು ಉಳಿದ ದ್ರಾವಣವನ್ನು ಸ್ವಲ್ಪ ಹೊತ್ತು ಇಟ್ಟುಕೊಂಡೆವು. ಬಾವಿನ ಅಂಚಿಗೆ ನೀಲಿ ಪೆನ್ನಿನಿಂದ ಗೆರೆ ಎಳೆದು, ತಾಯಿಯ ಒಪ್ಪಿಗೆ ಪಡೆದು ಫೋಟೊ ತೆಗೆದೆವು.

ಎರಡು ಗಂಟೆಯ ನಂತರ ನೋಡಿದಾಗ ಊತ ನೀಲಿ ಗೆರೆಯನ್ನು ದಾಟಿ ಮಣಿಕಟ್ಟಿನತ್ತ ಬಂದಿತ್ತು. ತಾಯಿ ಅಳತೊಡಗಿದರು. ರಾತ್ರಿ ಪಾಳಿಗೆ ಬಂದ ಸಿಸ್ಟರ್, ಔಷಧ ಇನ್ನೂ ಸೋರುತ್ತಿದೆ ಎಂದು ಭಾವಿಸಿ ಐಸ್ ತರಲು ಹೊರಟಿದ್ದರು. ಪಾಳಿ ಬದಲಾಗುವಾಗ ಹೇಳದೆ ಉಳಿದದ್ದು ಇದೊಂದೇ ಮಾತು: ಈ ಚಿಕಿತ್ಸೆ ಕೆಲಸ ಮಾಡಿದರೆ ಬಾವು ಮೊದಲು ದೊಡ್ಡದಾಗಿ ಕಾಣುತ್ತದೆ. ಮುಟ್ಟಿ ನೋಡಿದರೆ ನಡುವಿನ ಗಟ್ಟಿ ಉಬ್ಬು ಮೆತ್ತಗಾಗಿ ತಗ್ಗಿತ್ತು, ಬಿಳಚಿದ್ದ ಚರ್ಮಕ್ಕೆ ಬಣ್ಣ ಬಂದಿತ್ತು. ಅಗಲ ಹೆಚ್ಚಿತ್ತು, ಎತ್ತರ ಇಳಿದಿತ್ತು. ಎರಡನೆಯ ಸುತ್ತು ಬೇಡವೆಂದು ತೀರ್ಮಾನಿಸಿದೆವು. ಕೈಯನ್ನು ದಿಂಬಿನ ಮೇಲೆ ಎತ್ತರಿಸಿಟ್ಟು, ದಿನಕ್ಕೆ ನಾಲ್ಕು ಸಲ ಹದಿನೈದು ಇಪ್ಪತ್ತು ನಿಮಿಷ ಒಣ ಶಾಖ, ಎರಡು ದಿನ.

ಚೀಲದಲ್ಲಿ ಉಳಿದ 30 ಮಿಲಿಲೀಟರ್ ಏನು ಮಾಡಬೇಕೆಂಬ ಪ್ರಶ್ನೆಗೆ ಹಿರಿಯ ವೈದ್ಯರೇ ಉತ್ತರಿಸಿದರು. ಅದನ್ನು ಬಲಗೈಗೆ ಹೊಸದಾಗಿ ಹಾಕಿದ ಕ್ಯಾನುಲಾದಿಂದ, ಸಿಸ್ಟರ್ ಪಕ್ಕದಲ್ಲೇ ಕೂತು ನೋಡುತ್ತಿರುವಂತೆ ಕೊಟ್ಟರು. ಸೋರಿದ ಭಾಗವನ್ನು ಮತ್ತೆ ತುಂಬಿಸಿ ಕೊಡಲಿಲ್ಲ. ಕಿಣ್ವ ವಿನ್‌ಕ್ರಿಸ್ಟಿನನ್ನು ನಾಶ ಮಾಡುವುದಿಲ್ಲ, ತಡವಾಗಿಯಾದರೂ ರಕ್ತಕ್ಕೆ ತಲುಪಿಸುತ್ತದೆ. ಮತ್ತೆ ಕೊಟ್ಟರೆ ಮಗುವಿಗೆ ನಿಗದಿಗಿಂತ ಹೆಚ್ಚು ಸೇರಿಬಿಡುತ್ತಿತ್ತು.

ನಂತರದ ವಾರಗಳು

ಮರುದಿನ ಕೆಂಪು ಉಳಿದಿತ್ತು, ನೋವು ಕಡಿಮೆ. ಮೂರನೆಯ ದಿನ ಎರಡು ಸಣ್ಣ ಬೊಬ್ಬೆ ಎದ್ದವು. ಒಡೆಯಲು ಬಿಡದೆ ಮುಚ್ಚಿಟ್ಟರು. ಹತ್ತನೆಯ ದಿನದ ಹೊತ್ತಿಗೆ ಮೇಲಿನ ಚರ್ಮ ಸುಲಿದು ಹೊಸ ಚರ್ಮ ಕಾಣಿಸಿತು. ನಾಲ್ಕು ವಾರಕ್ಕೆ ನಸುಗಂದು ಕಲೆ ಮಾತ್ರ. ಮುಷ್ಟಿ ಪೂರ್ತಿ ಕಟ್ಟುತ್ತಿತ್ತು, ಪೆನ್ಸಿಲ್ ಹಿಡಿಯುತ್ತಿತ್ತು. ಪ್ಲೇಟ್‌ಲೆಟ್ ಏರಿದ ಮೇಲೆ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿ ಮುಂದಿನ ಚಿಕಿತ್ಸೆ ನಡೆಸಿದರು.

ಕಿಣ್ವದಿಂದಲೇ ಕೈ ಉಳಿಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಔಷಧ 50 ಮಿಲಿಲೀಟರಿನಲ್ಲಿ ತೆಳುವಾಗಿತ್ತು, ಬೇಗ ಗೊತ್ತಾಯಿತು, ಸ್ವಲ್ಪವಾದರೂ ಹಿಂದಕ್ಕೆ ಎಳೆಯಲಾಯಿತು. ಏನೂ ಮಾಡದಿದ್ದರೂ ಇಷ್ಟೇ ಆಗುತ್ತಿತ್ತೇನೋ. ಆ ಎರಡು ಬೊಬ್ಬೆಗಳು ಹನ್ನೆರಡು ನಿಮಿಷದ ಐಸಿನಿಂದ ಬಂದವೇ ಎಂದೂ ಹೇಳಲಾರೆ. ಈ ಚಿಕಿತ್ಸೆಗಿರುವ ಆಧಾರ ಇಲಿಗಳ ಪ್ರಯೋಗ ಮತ್ತು ಬೆರಳೆಣಿಕೆಯ ರೋಗಿಗಳ ವರದಿಗಳು. ಸೋರಿದ ಕೈಗಳಲ್ಲಿ ಅರ್ಧಕ್ಕೆ ಔಷಧ ಕೊಟ್ಟು ಅರ್ಧಕ್ಕೆ ಕೊಡದೆ ಹೋಲಿಸಿ ನೋಡೋಣ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ.

ವಿಭಾಗದಲ್ಲಿ ಬದಲಾದದ್ದು ಇಷ್ಟು. ಇಂಥ ಔಷಧಗಳಿಗೆ ಅದೇ ದಿನ ಹಾಕಿದ ಕ್ಯಾನುಲಾ ಮಾತ್ರ ಬಳಸಬೇಕೆಂಬ ನಿಯಮ ಬಂತು, ಮಗು ಅತ್ತರೂ ಸರಿ. ಗೋಡೆಯ ಫಲಕ ಕಿತ್ತು, ಔಷಧದ ಹೆಸರಿನ ಪಕ್ಕದಲ್ಲಿ ಶಾಖವೋ ತಂಪೋ, ಕಿಣ್ವ ಹೌದೋ ಅಲ್ಲವೋ ಎಂದು ಬರೆದ ಹೊಸದನ್ನು ಕನ್ನಡದಲ್ಲೇ ಹಾಕಿದರು. ತುರ್ತು ಪೆಟ್ಟಿಗೆಗೆ ಒಂದು ಸೀಸೆ ಹಯಾಲುರಾನಿಡೇಸ್, 10 ಮಿಲಿಲೀಟರ್ ಸಲೈನ್, ಐದು ಸಣ್ಣ ಸೂಜಿ, ಒಂದು ನೀಲಿ ಪೆನ್ನು ಸೇರಿದವು. ಕೆಲ ಕಾಲದ ನಂತರ ಅದೇ ವಿಭಾಗಕ್ಕೆ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ ತೊಡೆಯ ಚರ್ಮದಡಿ ಕೊಡುವ ರೂಪದಲ್ಲಿ ಬಂದಾಗ, 600 ಮಿಲಿಗ್ರಾಂ ಔಷಧವಿರುವ 5 ಮಿಲಿಲೀಟರನ್ನು ಎರಡರಿಂದ ಐದು ನಿಮಿಷದಲ್ಲಿ ಚರ್ಮ ಹೇಗೆ ನುಂಗುತ್ತದೆ ಎಂದು ಸಿಸ್ಟರ್ ಕೇಳಿದರು. ಅದರಲ್ಲೂ ಅದೇ ಕಿಣ್ವ ಇದೆ, ಪ್ರಾಣಿಯಿಂದ ತೆಗೆದದ್ದಲ್ಲ, ಮಾನವ ಜೀನಿನಿಂದ ತಯಾರಿಸಿದ್ದು, 10,000 ಯೂನಿಟ್ ಎಂದಾಗ ಅವರು ನಕ್ಕು ಪೆಟ್ಟಿಗೆಯತ್ತ ನೋಡಿದರು.

ಪೆಟ್ಟಿಗೆಯ ಸುದ್ದಿ ಬೇಗ ಹಬ್ಬಿತ್ತು. ಎರಡು ತಿಂಗಳಾಗಿರಬೇಕು, ಒಂದು ರಾತ್ರಿ ತೀವ್ರ ನಿಗಾ ಘಟಕದಿಂದ ಫೋನ್ ಬಂತು: ರೋಗಿಯ ಮೊಣಕೈ ಬಳಿ ನಾರ್‌ಅಡ್ರಿನಲಿನ್ ಸೋರಿ ಚರ್ಮ ಬೆಳ್ಳಗಾಗಿದೆ, ‘ನಿಮ್ಮ ಆ ಹರಡುವ ಇಂಜೆಕ್ಷನ್’ ಕಳಿಸಿಕೊಡಿ. ಕಳಿಸುವುದಿಲ್ಲ ಎಂದೆ. ರಕ್ತನಾಳ ಕುಗ್ಗಿಸುವ ಔಷಧವನ್ನು ಹರಡಿದರೆ ಬೆಳ್ಳಗಾಗುವ ಜಾಗ ದೊಡ್ಡದಾಗುತ್ತದೆ, ಅದಕ್ಕೆ ಬೇಕಾದದ್ದು ನಾಳವನ್ನು ಸಡಿಲಿಸುವ ಫೆಂಟೊಲಮೈನ್ ಎಂದು ವಿವರಿಸಿದೆ. ಆ ಕಡೆಯ ವೈದ್ಯರು ಒಂದು ಕ್ಷಣ ಸುಮ್ಮನಿದ್ದು, ಫೆಂಟೊಲಮೈನ್ ಯಾವ ವಿಭಾಗದ ಕಪಾಟಿನಲ್ಲಿದೆ ಎಂದು ಕೇಳಿದರು. ನಾನು ಕಂಪ್ಯೂಟರ್ ತೆರೆದೆ.